ಕಾರ್ಯಕ್ರಮ ಮುಗಿದ ಮೇಲೆ ಗಿಟಾರಿಗೆ ಐದು ನಿಮಿಷ



ಗಣೇಶೋತ್ಸವದಿಂದ ಶುರುವಾದರೆ ನವರಾತ್ರಿ, ರಾಜ್ಯೋತ್ಸವ ದಾಟಿ ವರ್ಷದ ಕೊನೆಯವರೆಗೂ ನಮ್ಮ ಸಂಘಗಳಲ್ಲಿ ಹಾಡಿನ ಕಾರ್ಯಕ್ರಮಗಳಿಗೆ ಬಿಡುವಿಲ್ಲ. ಭಾವಗೀತೆಯಿರಲಿ, ಚಿತ್ರಗೀತೆಯಿರಲಿ, ಗಾಯಕರ ಪಕ್ಕದಲ್ಲಿ ಗಿಟಾರ್ ಹಿಡಿದವರೊಬ್ಬರು ಇದ್ದೇ ಇರುತ್ತಾರೆ. ಚರಣದ ನಡುವೆ ಅವರ ತಂತಿ ಫಟ್ಟೆಂದು ಹರಿದರೆ, ಅಥವಾ ಶ್ರುತಿ ಇಳಿದರೆ, ಪೇಚಿಗೆ ಸಿಲುಕುವವರು ಗಾಯಕರು. ನಮ್ಮ ಕೇಳುಗ ಬಳಗದಲ್ಲಿ ಹೀಗೆ ವಾರವಾರವೂ ವೇದಿಕೆ ಹತ್ತುವವರು ಅನೇಕರಿದ್ದಾರೆ. ಈ ಮಾತುಗಳು ಅವರಿಗಾಗಿ.

ನುಡಿಸಿದ್ದರಿಂದ ಗಿಟಾರ್ ಸವೆಯುವುದು ನಿಧಾನ. ಅದನ್ನು ಬೇಗ ಕೆಡಿಸುವುದು ಬೆವರು ಮತ್ತು ಹವೆ. ಹೀಗಾಗಿ ಕಾರ್ಯಕ್ರಮಕ್ಕೆ ಮುಂಚಿನ ಗಡಿಬಿಡಿಗಿಂತ, ಮುಗಿದ ಮೇಲಿನ ಐದು ನಿಮಿಷವೇ ಹೆಚ್ಚು ಬೆಲೆಯುಳ್ಳದ್ದು.

ಬೆವರು ಮತ್ತು ತಂತಿ

ಬೆರಳಿನ ಬೆವರಿನಲ್ಲಿ ಉಪ್ಪಿದೆ. ಅದು ಉಕ್ಕಿನ ತಂತಿಗೆ ತುಕ್ಕು ಹಿಡಿಸುತ್ತದೆ. ದಪ್ಪ ತಂತಿಗಳ ಸುರುಳಿಯೊಳಗೆ ಕೊಳೆ ಸೇರಿ ನಾದ ಮಂಕಾಗುತ್ತದೆ. ನುಡಿಸಿ ಮುಗಿದ ಕೂಡಲೇ ಒಣಗಿದ ಹತ್ತಿಬಟ್ಟೆಯಿಂದ ಪ್ರತಿ ತಂತಿಯನ್ನೂ, ಅದರ ಅಡಿಭಾಗವನ್ನೂ ಒರೆಸಿ. ಕೇಪೊ ಹಾಕಿದ್ದರೆ ತೆಗೆದಿಡಿ.

ವಾರಕ್ಕೆರಡು ಬಾರಿ ವೇದಿಕೆಯಲ್ಲಿ ನುಡಿಸುವವರು ಎರಡು ಮೂರು ವಾರಕ್ಕೊಮ್ಮೆ ತಂತಿ ಬದಲಿಸುವುದು ಒಳ್ಳೆಯದು. ಆದರೆ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಬೇಡ, ಹಿಂದಿನ ದಿನವೇ ಹಾಕಿ. ಹೊಸ ತಂತಿ ಹಿಗ್ಗುತ್ತಲೇ ಇರುತ್ತದೆ. ಮೆಲ್ಲಗೆ ಎಳೆದು, ಮತ್ತೆ ಶ್ರುತಿ ಮಾಡಿ, ಹೀಗೆ ನಾಲ್ಕೈದು ಸಲ ಮಾಡಿದರೆ ನಿಲ್ಲುತ್ತದೆ. ಬಿರಡೆಗೆ ಎರಡು ಮೂರು ಸುತ್ತು ಸಾಕು. ಶ್ರುತಿ ಮಾಡುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸಿ.

ಒಂದೇ ತಂತಿ ಪದೇಪದೇ ಹರಿಯುತ್ತಿದೆಯೇ? ಹರಿದ ಜಾಗವನ್ನು ನೋಡಿ. ಕುದುರೆಯ ಬಳಿಯಾದರೆ ಅಲ್ಲಿ ಚೂಪಾದ ಅಂಚಿದೆ, ಬಿರಡೆಯ ಬಳಿಯಾದರೆ ಅದರ ತೂತಿನಲ್ಲಿ. ಶ್ರುತಿ ಮಾಡುವಾಗ 'ಟಿಂಕ್' ಎಂಬ ಸದ್ದು ಬಂದರೆ ಕತ್ತಿನ ತುದಿಯ ನಟ್‌ನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ತಂತಿ ಕೂರುವ ಗೀರಿನಲ್ಲಿ ಪೆನ್ಸಿಲಿನ ಸೀಸ ಉಜ್ಜಿದರೆ ಸರಾಗವಾಗುತ್ತದೆ.

ಇನ್ನೊಂದು ಎಚ್ಚರ: ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಹಾಕಲೇಬೇಡಿ. ಉಕ್ಕಿನ ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ, ನೈಲಾನಿನದು ಸುಮಾರು 40. ಹೆಚ್ಚಿನ ಎಳೆತಕ್ಕೆ ಕುದುರೆಯೇ ಕಿತ್ತು ಬರಬಹುದು.

ಹವೆ ಮತ್ತು ಮರ

ಮರ ಕಡಿದ ಮೇಲೂ ನೀರು ಕುಡಿಯುತ್ತದೆ, ನೀರು ಬಿಡುತ್ತದೆ. ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಮುಂಬಯಿ, ಚೆನ್ನೈ ನಗರಗಳ ಮಳೆಗಾಲದಲ್ಲಿ ಅದು 80 ದಾಟುವುದು ಸಾಮಾನ್ಯ. ಆಗ ಮೇಲಿನ ಹಲಗೆ ಉಬ್ಬಿ ತಂತಿಗಳು ಎತ್ತರವಾಗುತ್ತವೆ, ಒತ್ತಲು ಬೆರಳು ನೋಯುತ್ತವೆ. ದಿಲ್ಲಿಯ ಮೇ ತಿಂಗಳ ಒಣಗಾಳಿಯಲ್ಲಿ ಇದೇ ಹಲಗೆ ಕುಗ್ಗುತ್ತದೆ, ಫ್ರೆಟ್‌ಗಳ ತುದಿ ಹೊರಚಾಚಿ ಕೈಗೆ ಗೀರುತ್ತವೆ, ಕೊನೆಗೆ ಮರ ಬಿರುಕು ಬಿಡುತ್ತದೆ.

ಇದಕ್ಕೆ ದುಬಾರಿ ಮದ್ದೇನೂ ಬೇಡ. ಗಿಟಾರನ್ನು ಗೋಡೆಗೆ ಒರಗಿಸದೆ ಪೆಟ್ಟಿಗೆಯಲ್ಲಿಡಿ. ಮಳೆಗಾಲದಲ್ಲಿ ಜೊತೆಗೆ ಸಿಲಿಕಾ ಜೆಲ್ ಪೊಟ್ಟಣವಿರಲಿ. ಒಣ ಹವೆಯಲ್ಲಿ, ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜನ್ನಿಡಿ, ಹನಿ ತೊಟ್ಟಿಕ್ಕಬಾರದು. ತೇವಾಂಶ ತೋರಿಸುವ ಪುಟ್ಟ ಮಾಪಕ ಕೊಂಡರೆ ಊಹೆಯ ಗೊಡವೆಯೇ ಇಲ್ಲ. ಮಳೆಯಲ್ಲಿ ನೆನೆದ ಚೀಲದೊಳಗೆ ಗಿಟಾರನ್ನು ರಾತ್ರಿಯಿಡೀ ಬಿಡಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ, ಆ ಕಾವಿಗೆ ಅಂಟು ಸಡಿಲವಾಗುತ್ತದೆ.

ಫ್ರೆಟ್ ಬೋರ್ಡ್ ರೋಸ್‌ವುಡ್ಡಿನದಾದರೆ, ವರ್ಷಕ್ಕೆ ಒಂದೆರಡು ಬಾರಿ ಗಿಟಾರಿಗೆಂದೇ ಮಾರುವ ಎಣ್ಣೆಯನ್ನು ನಾಲ್ಕು ಹನಿ ಸವರಿ ಒರೆಸಿ. ಇಂಡಿಯನ್ ರೋಸ್‌ವುಡ್ ಎಂದು ಗಿಟಾರ್ ತಯಾರಕರು ಕರೆಯುವುದು ನಮ್ಮ ಪಶ್ಚಿಮ ಘಟ್ಟದ ಬೀಟೆಯನ್ನೇ! ವಾರ್ನಿಷ್ ಇರುವ ತಿಳಿಬಣ್ಣದ ಮೇಪಲ್ ಬೋರ್ಡಿಗೆ ಎಣ್ಣೆ ಬೇಡ.

ತಿಂಗಳಿಗೊಮ್ಮೆ ಒಂದು ಪರೀಕ್ಷೆ

ಆರನೆಯ, ಅಂದರೆ ಅತಿ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ, ಕತ್ತು ಒಡಲಿಗೆ ಸೇರುವ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳನೆಯ ಫ್ರೆಟ್ ಬಳಿ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದಿದ್ದರೆ ಸರಿ. ಸಂದೇ ಇಲ್ಲದಿದ್ದರೆ ಅಥವಾ ತೀರಾ ಹೆಚ್ಚಿದ್ದರೆ, ಕತ್ತಿನೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಕಂಬಿಯನ್ನು ಸರಿಪಡಿಸಬೇಕು. ಕಾಲು ಸುತ್ತಿನ ಕೆಲಸವಾದರೂ ಕೈ ಪಳಗಿದ ರಿಪೇರಿಯವರಿಗೇ ಕೊಡಿ. ಜೋರಾಗಿ ತಿರುಗಿಸಿದರೆ ಕಂಬಿ ತುಂಡಾಗಿ, ರಿಪೇರಿಯ ಖರ್ಚು ಗಿಟಾರಿನ ಬೆಲೆಯನ್ನೇ ಮೀರೀತು.

ಆಂಪ್ಲಿಫಯರಿಗೆ ಜೋಡಿಸುವ ಅಕೂಸ್ಟಿಕ್ ಗಿಟಾರ್ ನಿಮ್ಮದಾದರೆ, ಮುಗಿದ ಕೂಡಲೇ ಕೇಬಲ್ ಕಳಚಿ. ಸಾಮಾನ್ಯವಾಗಿ ಕೇಬಲ್ ಸಿಕ್ಕಿಸಿದ್ದಷ್ಟು ಹೊತ್ತೂ ಒಳಗಿನ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಕೇಬಲ್ ಸಿಕ್ಕಿಸುವ ಜಾಕ್‌ನ ನಟ್ಟು ಸಡಿಲವಾಗಿದ್ದರೆ ಬಿಗಿಮಾಡಿ. ಇಲ್ಲದಿದ್ದರೆ ಒಳಗಿನ ವಯರು ತಿರುಚಿ ತುಂಡಾಗುತ್ತದೆ.

ಚೀಲದಲ್ಲಿ ಇವಿಷ್ಟು ಸದಾ ಇರಲಿ: ಒಂದು ಸೆಟ್ ತಂತಿ, ಸಣ್ಣ ಕಟ್ಟರ್, ಟ್ಯೂನರ್, ಬದಲಿ ಬ್ಯಾಟರಿ, ಇನ್ನೊಂದು ಕೇಬಲ್, ಒಣಗಿದ ಬಟ್ಟೆ. ಈ ಪುಟವನ್ನು ಕತ್ತರಿಸಿ ಅದೇ ಚೀಲದಲ್ಲಿಟ್ಟುಕೊಂಡರೂ ನಮಗೆ ಸಂತೋಷವೇ. ಈ ಬಾರಿಯ ನಿಮ್ಮ ಕಾರ್ಯಕ್ರಮಗಳೆಲ್ಲ ಶ್ರುತಿಬದ್ಧವಾಗಿ ಸಾಗಲಿ.