ತಲೆಯ ಹೊರಗಾಯ: ಅಂಜಿಕೆ ಬೇಡ, ಅಲಕ್ಷ್ಯವೂ ಸಲ್ಲದು

ಆಡುವ ಮಗು ಮುಗ್ಗರಿಸಿ ಬಿದ್ದು ಹಣೆಯ ಮೇಲೆ ಬುಗುಟೆ ಏಳುವುದು, ಬಚ್ಚಲುಮನೆಯಲ್ಲಿ ಕಾಲು ಜಾರಿದ ಹಿರಿಯರ ತಲೆ ಗೋಡೆಗೆ ತಾಗುವುದು, ತಗ್ಗಾದ ಬಾಗಿಲಿಗೆ ನೆತ್ತಿ ಬಡಿಯುವುದು ಯಾವ ಮನೆಗೂ ಹೊಸತಲ್ಲ. ಇಂತಹ ಸಮಯದಲ್ಲಿ ನಾವು ರಕ್ತವನ್ನು ಕಂಡರೆ ಗಾಬರಿಗೊಳ್ಳುತ್ತೇವೆ, ಕಾಣದಿದ್ದರೆ ನಿಶ್ಚಿಂತರಾಗುತ್ತೇವೆ. ಎರಡೂ ಸರಿಯಲ್ಲ. ಹೊರಗಿನ ಗಾಯದ ಗಾತ್ರದಿಂದ ಒಳಗಿನ ಮೆದುಳಿನ ಸ್ಥಿತಿಯನ್ನು ಅಳೆಯಲಾಗದು. ಆದುದರಿಂದ ಗಾಯವನ್ನು ನೋಡುವಷ್ಟೇ ಗಮನದಿಂದ ಗಾಯಗೊಂಡವರನ್ನೂ ನೋಡಬೇಕು.

ತಲೆಯ ಚರ್ಮದಲ್ಲಿ ರಕ್ತನಾಳಗಳು ಹೇರಳವಾಗಿವೆ. ಬಿಗಿಯಾದ ನಾರಿನ ಪದರದಲ್ಲಿ ಹುದುಗಿರುವ ಅವು ತುಂಡಾದಾಗ ಬೇಗನೆ ಮುದುಡಿಕೊಳ್ಳಲಾರವು. ಸಣ್ಣ ಸೀಳಿನಿಂದಲೂ ಧಾರಾಳವಾಗಿ ರಕ್ತ ಹರಿಯುವುದು ಇದರಿಂದಲೇ. ಚರ್ಮ ಹರಿಯದೆ ನಾಳಗಳಷ್ಟೇ ಒಡೆದರೆ, ಕೆಳಗೆ ಗಟ್ಟಿಯಾದ ಎಲುಬಿರುವುದರಿಂದ ರಕ್ತವು ಹೊರಕ್ಕೆ ಉಬ್ಬಿ ಬುಗುಟೆಯಾಗುತ್ತದೆ.

ಮನೆಯಲ್ಲಿ ಮಾಡಬೇಕಾದುದು

ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಮಡಚಿಟ್ಟು, ನಡುನಡುವೆ ತೆಗೆದು ನೋಡದೆ, 10ರಿಂದ 15 ನಿಮಿಷ ಒತ್ತಿ ಹಿಡಿಯಬೇಕು. ಎಲುಬು ತಗ್ಗಾದಂತೆ ತೋರಿದರೆ ಒತ್ತಬಾರದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ತರಚುಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆಯಬೇಕು. ಗಾಯಕ್ಕೆ ಕಾಫಿಪುಡಿ, ಅರಿಶಿನ, ಸುಣ್ಣ ಮೆತ್ತುವ ರೂಢಿಯನ್ನು ಕೈಬಿಡೋಣ; ಅದರಿಂದ ಗಾಯ ಕಲುಷಿತವಾಗುತ್ತದೆ, ವೈದ್ಯರಿಗೆ ಅದರ ಆಳವೂ ತಿಳಿಯದು. ಬುಗುಟೆಯನ್ನು ತಿಕ್ಕದೆ, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಬೇಕು. ನೋವಿಗೆ ವಯಸ್ಸಿಗೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು. ರಕ್ತಸ್ರಾವವನ್ನು ಹೆಚ್ಚಿಸಬಲ್ಲ ಆಸ್ಪಿರಿನ್ ಬೇಡ. ಗಾಯದ ಅಂಚುಗಳು ಬಿಟ್ಟುಕೊಂಡಿದ್ದರೆ ಹೊಲಿಗೆಯೂ, ವೈದ್ಯರು ಹೇಳಿದರೆ ಧನುರ್ವಾಯುವಿನ ಚುಚ್ಚುಮದ್ದೂ ಅಗತ್ಯ.

ಎಚ್ಚರದ ಲಕ್ಷಣಗಳು

ಮುಂದಿನ 48 ಗಂಟೆಗಳ ಕಾಲ ಗಾಯಾಳುವಿನ ಬಳಿ ಒಬ್ಬರಿರಬೇಕು. ಪ್ರಜ್ಞೆ ತಪ್ಪುವುದು, ಮರಳಿ ಮರಳಿ ವಾಂತಿ, ಏರುತ್ತಲೇ ಹೋಗುವ ತಲೆನೋವು, ಮಾತಿನ ತೊದಲು, ಗೊಂದಲ, ಸೆಳವು, ಕೈಕಾಲುಗಳ ಬಲಹೀನತೆ, ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಮೂಗು ಕಿವಿಗಳಿಂದ ತಿಳಿನೀರು ಅಥವಾ ರಕ್ತ ಸೋರುವುದು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಪೆಟ್ಟು ಬಿದ್ದವರು ನಿದ್ರಿಸಲೇಬಾರದೆಂದಿಲ್ಲ. ಎಬ್ಬಿಸಿದರೂ ಎಚ್ಚರಗೊಳ್ಳದಿದ್ದರೆ ಅದು ಅಪಾಯ. ಹಸುಗೂಸುಗಳನ್ನೂ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರನ್ನೂ ಲಕ್ಷಣಗಳಿಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು. ವೃದ್ಧರಲ್ಲಿ ಮೆದುಳಿನ ಹೊರಪೊರೆಯ ಕೆಳಗೆ ನಿಧಾನವಾಗಿ ರಕ್ತ ಸೇರಿ, ವಾರಗಳ ನಂತರ ಮರೆವು, ನಡಿಗೆಯ ತಡವರಿಕೆ ತೋರುವುದುಂಟು. ಅದನ್ನು ಮುಪ್ಪಿನ ಸಹಜ ಗುಣವೆಂದು ಬಿಡಲಾಗದು.

ಚೀಟಿಯಲ್ಲಿನ ಸಂಕೇತ

ಆಸ್ಪತ್ರೆಯ ಪತ್ರದಲ್ಲಿ ರೋಗದ ಹೆಸರಿನೊಡನೆ ಒಂದು ಸಂಕೇತವನ್ನೂ ಕಾಣುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 10ನೆಯ ಪರಿಷ್ಕರಣೆಯಲ್ಲಿ ತಲೆಯ ಮೇಲ್ಪದರದ ಗಾಯಗಳಿಗೆ ಎಸ್00 ಎಂದು ಗುರುತು. ನೆತ್ತಿಯಾದರೆ ಎಸ್00.0, ಕಣ್ಣರೆಪ್ಪೆಯ ಕಪ್ಪುಗಟ್ಟಿಗೆ ಎಸ್00.1, ಮೂಗಿಗೆ ಎಸ್00.3, ಕಿವಿಗೆ ಎಸ್00.4. ಚರ್ಮ ಸೀಳಿ ತೆರೆದ ಗಾಯವಾದರೆ ಎಸ್01. ತಲೆಬುರುಡೆಯ ಒಳಗಿನ ಪೆಟ್ಟಾದರೆ ಎಸ್06. ಬಿದ್ದ ಬಗೆಯನ್ನು ತಿಳಿಸಲು ಬೇರೆ ಸಂಕೇತಗಳಿವೆ. ಆದುದರಿಂದ ಎಲ್ಲಿ, ಹೇಗೆ, ಯಾವಾಗ ಬಿದ್ದರೆಂಬುದನ್ನು ವೈದ್ಯರಿಗೆ ನಿಖರವಾಗಿ ತಿಳಿಸೋಣ. ವಿಮೆಯ ಹಣ ಕೇಳುವಾಗ ಬರಹಕ್ಕೂ ಸಂಕೇತಕ್ಕೂ ಹೊಂದಿಕೆಯಿಲ್ಲದಿದ್ದರೆ ತೊಡಕಾದೀತು.

ಎಸ್00 ಎಂದು ಬರೆದಿದ್ದರೆ ಅಂದಿನ ಪರೀಕ್ಷೆಯಲ್ಲಿ ಹೊರಗಾಯವಷ್ಟೇ ಕಂಡಿತೆಂದು ಅರ್ಥ. ಆ ಚೀಟಿಯನ್ನು ಜೋಪಾನವಾಗಿಟ್ಟುಕೊಂಡು, ಮೇಲಿನ ಲಕ್ಷಣಗಳು ನಂತರ ತೋರಿದಲ್ಲಿ ಅದರೊಡನೆ ಮತ್ತೆ ವೈದ್ಯರಲ್ಲಿಗೆ ಹೋಗಲು ಸಂಕೋಚಪಡಬಾರದು.