ಬುದ್ಧಿಹಲ್ಲು ಮತ್ತು ಅದರ ನೆರೆಯ ಹಲ್ಲು

ಸಿಂದಗಿಯ ಕಡೆಯ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಿ. ವಯಸ್ಸು ೨೨. ಕಟಕ ರೊಟ್ಟಿಯನ್ನು ಶೇಂಗಾ ಹಿಂಡಿಯೊಡನೆ ಕಟಕಟನೆ ಕಡಿದು ತಿನ್ನುವ ಗಟ್ಟಿ ಆಳು. ಒಂದು ದಿನ ಕೆಳದವಡೆಯ ಕೊನೆಯಲ್ಲಿ ಒಸಡು ಬಾತು, ಬಾಯಿ ತೆರೆಯುವುದೇ ಕಷ್ಟವಾಯಿತು. ಮನೆಯ ಹಿರಿಯರು ನಕ್ಕು, “ಅಕ್ಕಲ ಹಲ್ಲು ಬರಾಕ ಹತ್ತೇತಿ, ಇನ್ನ ಬುದ್ಧಿ ಬರತೈತಿ ಬಿಡು” ಎಂದರು. ಲವಂಗ ಇಟ್ಟದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ನಾಲ್ಕು ದಿನಕ್ಕೆ ಬಾವು ಇಳಿಯಿತು; ಎಲ್ಲರೂ ಮರೆತರು. ಮೂರು ವರ್ಷಗಳ ತರುವಾಯ ಅವನು ದಂತವೈದ್ಯರ ಮುಂದೆ ಕುಳಿತಾಗ ತಿಳಿದುಬಂದದ್ದು ಇದು: ಬುದ್ಧಿಹಲ್ಲಿಗಿಂತ ಹೆಚ್ಚು ಕೆಟ್ಟಿದ್ದುದು ಅದರ ಮುಂದಿನ ಒಳ್ಳೆಯ ಹಲ್ಲು!

ತರುಣ ಕಲ್ಪಿತನಾದರೂ ಸಂಗತಿ ಕಲ್ಪಿತವಲ್ಲ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿನ ಯಾವ ಮನೆಯಲ್ಲಾದರೂ ಇದು ನಡೆಯಬಹುದು. ಹೇಗೆಂಬುದನ್ನು ನೋಡೋಣ.

ಪ್ರಾಯದವರಿಗೆ ಒಟ್ಟು ೩೨ ಹಲ್ಲುಗಳು. ಅವುಗಳಲ್ಲಿ ಎಲ್ಲಕ್ಕೂ ಹಿಂದಿನ ನಾಲ್ಕು ಬುದ್ಧಿಹಲ್ಲುಗಳು. ಇವು ಸಾಮಾನ್ಯವಾಗಿ ೧೭ರಿಂದ ೨೫ ವರ್ಷಗಳ ನಡುವೆ ಮೂಡುತ್ತವೆ. ಕೆಲವರಿಗೆ ಒಂದೆರಡು ಹುಟ್ಟುವುದೇ ಇಲ್ಲ. ತಡವಾಗಿ ಬಂದ ಅತಿಥಿಗೆ ಪಂಕ್ತಿಯಲ್ಲಿ ಎಡೆ ಸಿಗದಂತೆ, ಇವುಗಳಿಗೆ ಅನೇಕ ಸಲ ದವಡೆಯಲ್ಲಿ ಸ್ಥಳ ಸಾಲದು. ಆಗ ಹಲ್ಲು ನೆಟ್ಟಗೆ ಏಳಲಾರದೆ ಮುಂದಕ್ಕೆ ವಾಲುತ್ತದೆ, ಇಲ್ಲವೆ ಅಡ್ಡಲಾಗಿ ಮಲಗಿಬಿಡುತ್ತದೆ. ಇದನ್ನೇ ‘ಸಿಕ್ಕಿಬಿದ್ದ ಹಲ್ಲು’ ಎನ್ನುವುದು. ಜಗತ್ತಿನಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಂಥ ಹಲ್ಲು ಒಂದಾದರೂ ಉಂಟು. ಅದೂ ಕೆಳದವಡೆಯಲ್ಲೇ ಹೆಚ್ಚು.

ಇದರ ನೆರೆಯದು ೧೨ನೆಯ ವರ್ಷದ ಸುಮಾರಿಗೆ ಬಂದ ಎರಡನೆಯ ದವಡೆ ಹಲ್ಲು. ರೊಟ್ಟಿ ಅರೆಯುವ ಭಾರದಲ್ಲಿ ಅದರ ಪಾಲು ದೊಡ್ಡದು. ವಾಲಿದ ಬುದ್ಧಿಹಲ್ಲು ಅದರ ಬೆನ್ನಿಗೆ ಒರಗಿದಾಗ ಇಬ್ಬರ ನಡುವೆ ಒಂದು ಸಂದು ಉಳಿಯುತ್ತದೆ. ಆ ಸಂದಿಗೆ ಬ್ರಷ್ಷೂ ತಲುಪದು, ನಾಲಿಗೆಯೂ ತಲುಪದು. ಅಲ್ಲಿ ನಿಂತ ಅನ್ನದ ಅಗುಳನ್ನು ಸೂಕ್ಷ್ಮಜೀವಿಗಳು ಹುಳಿಸುತ್ತವೆ. ಆ ಆಮ್ಲ ನೆರೆಯ ಹಲ್ಲಿನ ಹಿಂಬದಿಯನ್ನು ಕೊರೆಯುತ್ತದೆ. ಕನ್ನಡಿಯಲ್ಲಿ ಕಾಣದ ಈ ಹುಳುಕು ನರವನ್ನು ಮುಟ್ಟುವ ತನಕ ನೋಯದೆಯೂ ಇರಬಹುದು.

ಎರಡನೆಯ ಹಾನಿ ಎಲುಬಿಗೆ. ನಮ್ಮ ಎರೆಹೊಲಗಳಲ್ಲಿ ಬದುವಿನ ಬೆಲೆ ಎಲ್ಲರಿಗೂ ಗೊತ್ತು. ನೀರು ಒಂದು ಬಿಲ ಹುಡುಕಿಕೊಂಡರೆ ಮೇಲೆ ಹುಲ್ಲು ಹಸಿರಾಗಿರುವಾಗಲೇ ಒಳಗೆ ಬದು ಟೊಳ್ಳಾಗುತ್ತದೆ. ಎರಡು ಹಲ್ಲುಗಳ ನಡುವಿನ ಎಲುಬೂ ಅಂಥ ಬದುವೇ. ಸಂದಿನಲ್ಲಿ ನೆಲೆಸಿದ ಸೋಂಕಿನಿಂದ ಅದು ಸವೆದು ತಗ್ಗುತ್ತದೆ; ಮುಂದಿನ ಹಲ್ಲು ಹಿಂಬದಿಯ ಆಸರೆ ಕಳೆದುಕೊಳ್ಳುತ್ತದೆ. ಅಪರೂಪವಾಗಿ, ಒತ್ತಿ ನಿಂತ ಬುದ್ಧಿಹಲ್ಲಿನಿಂದ ನೆರೆಯ ಹಲ್ಲಿನ ಬೇರೇ ಕರಗುವುದುಂಟು. ಹೊರಬಾರದ ಹಲ್ಲಿನ ಸುತ್ತಲಿನ ಚೀಲದಲ್ಲಿ ದ್ರವ ತುಂಬಿ, ಅದು ಗುಳ್ಳೆಯಾಗಿ ಬೆಳೆದು ದವಡೆಯನ್ನೇ ಟೊಳ್ಳು ಮಾಡುವುದೂ ಉಂಟು. ಆದರೆ ಇದು ಇನ್ನೂ ವಿರಳ.

ಹಾಗಾದರೆ ಎಲ್ಲ ಬುದ್ಧಿಹಲ್ಲುಗಳನ್ನೂ ಕೀಳಿಸಬೇಕೆ? ಬೇಡ. ನೆಟ್ಟಗೆ ಬಂದು ಶುಚಿಯಾಗಿಡಲು ಸಿಗುವ ಹಲ್ಲನ್ನು ಮುಟ್ಟಬೇಕಾಗಿಲ್ಲ. ಎಲುಬಿನೊಳಗೇ ಪೂರ್ತಿ ಹುದುಗಿದ್ದು ತೊಂದರೆ ಕೊಡದ ಹಲ್ಲನ್ನು ಆಗಾಗ ನೋಡುತ್ತಿದ್ದರೆ ಸಾಕು. ಇಂಗ್ಲೆಂಡಿನ ಆರೋಗ್ಯ ಇಲಾಖೆಗಾಗಿ ೨೦೦೦ರಲ್ಲಿ ಹೊರಟ ಮಾರ್ಗಸೂಚಿ ಕೂಡ, ರೋಗವಿಲ್ಲದ ಸಿಕ್ಕಿಬಿದ್ದ ಹಲ್ಲನ್ನು ಮುಂಜಾಗ್ರತೆಯೆಂದು ಕೀಳಬಾರದೆಂದಿತು. ಬುದ್ಧಿಹಲ್ಲು ತಳ್ಳುವುದರಿಂದಲೇ ಮುಂದಿನ ಹಲ್ಲುಗಳು ಸೊಟ್ಟಗಾಗುತ್ತವೆಂಬ ಮಾತಿಗೂ ಬಲವಾದ ಆಧಾರವಿಲ್ಲ. ಅರ್ಧ ಹೊರಬಂದು ನೆರೆಯದಕ್ಕೆ ಒರಗಿ ನಿಂತ ಹಲ್ಲಿನ ಮೇಲೆಯೇ ಹೆಚ್ಚು ಕಣ್ಣಿರಬೇಕು.

ಅದು ಹೇಗಿದೆಯೆಂಬುದನ್ನು ಕ್ಷ-ಕಿರಣ ಚಿತ್ರ ಹೇಳುತ್ತದೆ. ಕೀಳಬೇಕಾದುದಾದರೆ ಇಪ್ಪತ್ತರ ಆಸುಪಾಸಿನಲ್ಲೇ ಸುಲಭ. ಆಗ ಬೇರು ಪೂರ್ತಿ ಬಲಿತಿರುವುದಿಲ್ಲ, ಗಾಯವೂ ಬೇಗ ಮಾಯುತ್ತದೆ. ಬಲಿತ ಬೇರು ಕೆಳತುಟಿಗೆ ಸ್ಪರ್ಶಜ್ಞಾನ ಕೊಡುವ ನರದ ಸಮೀಪದಲ್ಲಿದ್ದರೆ, ಕಿತ್ತ ಮೇಲೆ ತುಟಿ ಕೆಲಕಾಲ, ಅಪರೂಪಕ್ಕೆ ಶಾಶ್ವತವಾಗಿ, ಜೋಮು ಹಿಡಿಯಬಹುದು. ಆದುದರಿಂದ ಕೀಳುವ ಮೊದಲು ಚಿತ್ರ ನೋಡಿ ವಿಚಾರಿಸುವುದು ಅವಶ್ಯ.

ಮನೆಮದ್ದಿನ ಬಗ್ಗೆ ಒಂದು ಮಾತು. ಬಿಸಿಯಾದ ಉಪ್ಪುನೀರು ಒಳ್ಳೆಯದೇ. ಲವಂಗದೆಣ್ಣೆ ನೋವನ್ನು ಮರೆಸೀತು, ಕಾರಣವನ್ನು ಕಳೆಯದು. ಒಸಡಿಗೆ ಮಿಶ್ರಿ, ತಂಬಾಕು ಒತ್ತುವುದು ಹೊಸ ರೋಗವನ್ನು ಕರೆದಂತೆ. ಆಸ್ಪಿರಿನ್ ಗುಳಿಗೆಯನ್ನು ಒಸಡಿನ ಮೇಲಿಟ್ಟರೆ ಅದು ಸುಡುತ್ತದೆ. ಜ್ವರ ಬಂದು, ಗದ್ದದ ಕೆಳಗೆ ಬಾವು ಹಬ್ಬಿ, ನುಂಗಲು ಅಥವಾ ಉಸಿರಾಡಲು ತೊಂದರೆಯಾದರೆ ಒಂದು ರಾತ್ರಿಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅದು ಪ್ರಾಣಕ್ಕೆ ಸಂಬಂಧಿಸಿದ ಮಾತು.

ಈ ನಾಲ್ಕು ಊರುಗಳಿಂದ ವಿಜಯಪುರ ಸುಮಾರು ೪೦ರಿಂದ ೮೦ ಕಿಲೋಮೀಟರು. ಅಲ್ಲಿ ಅಲ್-ಅಮೀನ್ ದಂತ ಮಹಾವಿದ್ಯಾಲಯವಿದೆ, ಜಿಲ್ಲಾ ಆಸ್ಪತ್ರೆಯಿದೆ. ಸಂತೆಗೋ ಕಚೇರಿಯ ಕೆಲಸಕ್ಕೋ ಹೋದ ದಿನ, ಮನೆಯ ೧೮–೨೦ ವರ್ಷದ ಮಕ್ಕಳನ್ನು ಜೊತೆಗೆ ಕರೆದೊಯ್ದು ಒಮ್ಮೆ ಹಲ್ಲು ತೋರಿಸಿರಿ. ನೋವಿಲ್ಲದಿರುವಾಗಲೇ ತೋರಿಸಿರಿ. ಬದು ಒಡೆದ ಮೇಲೆ ಹೊಲಕ್ಕೆ ಓಡುವುದಕ್ಕಿಂತ, ಮಳೆಗೆ ಮುಂಚೆ ಒಮ್ಮೆ ಸುತ್ತಿ ಬರುವುದು ಲೇಸಲ್ಲವೆ?