ಬೇರಿನ ಕಾವಲು

ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನೇರಿ ಗೊಮ್ಮಟನೆದುರು ನಿಂತವರ ದೃಷ್ಟಿ ಮೊದಲು ಆ ಮುಖಮಂಡಲದತ್ತ ಹರಿಯುವುದು ಸಹಜ. ನನ್ನ ಕಣ್ಣು ಮಾತ್ರ ಪ್ರತಿಸಲವೂ ಕಾಲಿನ ಬಳಿಯ ಹುತ್ತಕ್ಕೆ, ತೊಡೆಯನ್ನು ಸುತ್ತಿದ ಬಳ್ಳಿಗೆ ಇಳಿಯುತ್ತದೆ. ನಿಶ್ಚಲವಾಗಿ ನಿಂತ ಒಡಲನ್ನು ಮಣ್ಣಿನ ಜೀವರಾಶಿ ಬಂದು ಸೇರುವುದನ್ನು ಆ ಶಿಲ್ಪಿ ಬಲ್ಲವನಾಗಿದ್ದ. ಬೆಟ್ಟವಿಳಿದು ಚನ್ನರಾಯಪಟ್ಟಣ, ಹೊಳೆನರಸೀಪುರಗಳ ಕಡೆಯ ಕೆರೆ-ನಾಲೆಗಳ ಕೆಳಗಿನ ಗದ್ದೆಗಳಿಗೆ ಬಂದರೆ, ಬತ್ತದ ಪೈರಿನ ಬುಡದಲ್ಲಿಯೂ ಅದೇ ವ್ಯಾಪಾರ ನಡೆದಿರುತ್ತದೆ. ಕಣ್ಣಿಗೆ ಕಾಣದು, ಅಷ್ಟೆ.

ಬತ್ತಕ್ಕೆ ಬರುವ ಬೇನೆಗಳಲ್ಲಿ ಬೆಂಕಿರೋಗದ ಹೆಸರೇ ಅದರ ವರ್ಣನೆ. ನಡುವೆ ಬೂದಿಬಣ್ಣ, ಅಂಚಿನಲ್ಲಿ ಕಂದುಬಣ್ಣ ತಳೆದ, ಕದಿರಿನಾಕಾರದ ಮಚ್ಚೆಗಳು ಎಲೆಯ ಮೇಲೆ ಮೂಡಿ ಒಂದರೊಡನೊಂದು ಕೂಡಿಕೊಂಡಾಗ ಗದ್ದೆಗೆ ಗದ್ದೆಯೇ ಸುಟ್ಟಂತೆ ತೋರುತ್ತದೆ. ತೆನೆಯ ಕುತ್ತಿಗೆಗೆ ತಗುಲಿತೆಂದರೆ ಕಾಳೆಲ್ಲ ಜೊಳ್ಳು. ಇದು ಶಿಲೀಂಧ್ರವೊಂದರ ಕೆಲಸ. ತಂಪಾದ ರಾತ್ರಿ, ಬೇಗನೆ ಆರದ ಇಬ್ಬನಿ, ಕೈಮೀರಿ ಎರಚಿದ ಯೂರಿಯಾ, ಇವು ಅದಕ್ಕೆ ಹಬ್ಬದೂಟ.

ಇದನ್ನು ತಡೆಯಲು ವಿಜ್ಞಾನಿಗಳು ಮಣ್ಣಿನಿಂದಲೇ ಆರಿಸಿಕೊಂಡ ಬ್ಯಾಕ್ಟೀರಿಯಾಗಳಲ್ಲಿ ಸೂಡೋಮೊನಾಸ್ ಫ್ಲೋರೆಸೆನ್ಸ್ ಒಂದು. ಅತಿನೇರಳೆ ಬೆಳಕಿನಲ್ಲಿ ಹಳದಿ ಬೆರೆತ ಹಸಿರಾಗಿ ಹೊಳೆಯುವ ವರ್ಣದ್ರವ್ಯವೊಂದನ್ನು ಅದು ಸ್ರವಿಸುತ್ತದೆ. ಆ ಹೊಳಪು ಬರಿಯ ಅಲಂಕಾರವಲ್ಲ, ಮಣ್ಣಿನಲ್ಲಿರುವ ಕಬ್ಬಿಣವನ್ನು ಹಿಡಿಯುವ ಬಲೆ. ಕಬ್ಬಿಣ ದೊರೆಯದೆ ನೆರೆಯ ರೋಗಾಣುಗಳು ಸೊರಗುತ್ತವೆ. ಇದನ್ನು ಅಹಿಂಸೆಯೆಂದು ಯಾರೂ ಕರೆಯಲಾರರು!

ಆದರೆ ಬೆಂಕಿರೋಗ ಹೆಚ್ಚಾಗಿ ಕಾಡುವುದು ಎಲೆಯನ್ನು, ತೆನೆಯನ್ನು. ಬೇರಿನಲ್ಲಿ ಕುಳಿತ ಜೀವಿ ಎಲೆಯನ್ನು ಕಾಯುವುದು ಹೇಗೆ? ಸ್ವಾರಸ್ಯವಿರುವುದು ಇಲ್ಲಿಯೇ. ಬೇರಿಗೆ ಅಂಟಿದ ಬ್ಯಾಕ್ಟೀರಿಯಾ ಗಿಡಕ್ಕೆ ಎಚ್ಚರಿಕೆ ಕೊಡುತ್ತದೆ. ಗಿಡ ಮೈಯೆಲ್ಲ ಎಚ್ಚತ್ತು, ಮುಂದೆ ಶಿಲೀಂಧ್ರ ಬಂದಾಗ ಜೀವಕೋಶದ ಗೋಡೆಗಳನ್ನು ಬೇಗನೆ ಗಟ್ಟಿಮಾಡಿಕೊಳ್ಳುತ್ತದೆ. ಶಿಲೀಂಧ್ರದ ಗೋಡೆಯನ್ನೇ ಕರಗಿಸುವ ಕಿಣ್ವಗಳನ್ನು ಸಿದ್ಧಪಡಿಸುತ್ತದೆ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು ಇದೇ ಬ್ಯಾಕ್ಟೀರಿಯಾವನ್ನು ಬೀಜಕ್ಕೆ ಲೇಪಿಸಿ ಸಜ್ಜೆಯ ಬೂಜುತುಪ್ಪಟ ರೋಗವನ್ನು ತಗ್ಗಿಸಬಹುದೆಂದು 1998ರಲ್ಲಿ ಪ್ರಕಟಿಸಿದರು.

ಎಚ್ಚರಿಕೆ ಕಳ್ಳ ಬರುವುದಕ್ಕೆ ಮುಂಚೆ ಬರಬೇಕಷ್ಟೆ. ಗದ್ದೆ ಕಂದಿದ ಮೇಲೆ ಈ ಪುಡಿಯನ್ನು ತಂದು ಎರಚಿ, ಫಲ ಕಾಣದೆ, ಸಾಲದ ಮೇಲೆ ಸಾಲ ಮಾಡಿ ವಿಷದೌಷಧಿಗೆ ಓಡುವ ರೈತನನ್ನು ನಾವು ದೂರಲಾಗದು. ಇದು ಮದ್ದಲ್ಲ, ಕಾವಲು ಎಂದು ಅವನಿಗೆ ಬಿಡಿಸಿ ಹೇಳಿದವರು ಕಡಿಮೆ. ಕಿಲೋಗ್ರಾಂ ಬಿತ್ತನೆ ಬತ್ತಕ್ಕೆ 10 ಗ್ರಾಂ ಪುಡಿ, ನಾಟಿಗೆ ಮುನ್ನ ಪುಡಿ ಕದಡಿದ ನೀರಿನಲ್ಲಿ ಸಸಿಯ ಬೇರುಗಳಿಗೆ ಅರ್ಧ ಗಂಟೆಯ ಸ್ನಾನ, ಹೆಕ್ಟೇರಿಗೆ 2.5 ಕಿಲೋಗ್ರಾಮನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಗದ್ದೆಗೆ ಹಾಕುವುದು: ಸಾಮಾನ್ಯವಾಗಿ ಕೊಡುವ ಸಲಹೆ ಇಷ್ಟು. ಹವೆ ಪೂರ್ತಿ ರೋಗದ ಪಕ್ಷ ವಹಿಸಿದ ವರ್ಷ ಈ ಕಾವಲೊಂದೇ ಸಾಲದು. ರೋಗನಿರೋಧಕ ತಳಿಯೂ ಬೇಕು, ಯೂರಿಯಾದಲ್ಲಿ ಹಿಡಿತವೂ ಬೇಕು.

ಇನ್ನೊಂದು ಮಾತು. ಪೊಟ್ಟಣದೊಳಗಿರುವುದು ಜೀವ. ಅಂಗಡಿಯ ಬಿಸಿಲುಬೀಳುವ ಹಲಗೆಯ ಮೇಲೆ ತಿಂಗಳುಗಟ್ಟಲೆ ಕುಳಿತರೆ ಅದು ಸಾಯುತ್ತದೆ. ಸತ್ತ ಪುಡಿಗೂ ಬದುಕಿದ ಪುಡಿಗೂ ಬಣ್ಣ ಒಂದೇ, ಬೆಲೆಯೂ ಒಂದೇ. ಕೊಳ್ಳುವವರು ಮೊದಲು ದಿನಾಂಕವನ್ನು ಓದಬೇಕು.